ತಂತಿ ಎತ್ತರಿಸಿದೆ, ಎಳೆತ ಹಗುರವಾಯಿತು

ಮೊದಲೇ ಹೇಳಿಬಿಡುತ್ತೇನೆ. ನನ್ನ ಎಲೆಕ್ಟ್ರಿಕ್ ಗಿಟಾರಿನ ಹನ್ನೆರಡನೆಯ ಫ್ರೆಟ್‌ನಿಂದ (ಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಈಗ ಮೊದಲ, ಅತಿ ತೆಳು ತಂತಿ ಸುಮಾರು 2 ಮಿಲಿಮೀಟರ್ ಎತ್ತರದಲ್ಲಿದೆ. ತಂತಿಗಳ ಬುಡ ಹಿಡಿದಿರುವ, ಸ್ಪ್ರಿಂಗಿನ ಮೇಲೆ ತೇಲುತ್ತಿದ್ದ ಬ್ರಿಡ್ಜನ್ನು ಅಲುಗದಂತೆ ಬಿಗಿದುಹಾಕಿದ್ದೇನೆ. ಈ ಎರಡು ಮಾತು ಕೇಳಿ ನಮ್ಮ ಆರ್ಕೆಸ್ಟ್ರಾದ ಬೇಸ್ ವಾದಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ತಂತಿ ಗಟ್ಟಿ, ಎಳೆಯಲು ಆಗುವುದಿಲ್ಲ ಎಂದು ಮೂರು ವರ್ಷ ಗೋಳಾಡಿದವನು ಅದನ್ನು ಇನ್ನೂ ಮೇಲಕ್ಕೆ ಎತ್ತಿದ್ದೀಯಲ್ಲ!" ಎಂದಿದ್ದ. ಅದೇ ಗಿಟಾರಿನ ಎರಡನೆಯ ತಂತಿಯಲ್ಲಿ ಸಾಧಾರಣ ಗಾಂಧಾರದಿಂದ ಪಂಚಮದವರೆಗೆ, ಎಂದರೆ ಎರಡು ಪೂರ್ಣ ಸ್ವರದಷ್ಟು, ಫ್ರೆಟ್ ಬದಲಿಸದೆ, ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸುವ ಒಂದೇ ಎಳೆತದಲ್ಲಿ ಹೋಗಿ ಬರುತ್ತೇನೆ. ಕಿರುಬೆರಳಿಗೆ ಕೂಡ ನೋವಿಲ್ಲ. ನಕ್ಕವನಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಎಂದುಕೊಂಡರೂ ತಪ್ಪಿಲ್ಲ.

ಗಿಟಾರ್ ಯಾವುದು ಎಂದರೆ, ನಮ್ಮ ದೇಶದಲ್ಲೇ ತಯಾರಾದ, ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರನ್ನು ಹೋಲುವ ಒಂದು ಸ್ಟ್ರಾಟ್ ಮಾದರಿ. ಹೆಸರು ಬೇಡ. ಶಿವಮೊಗ್ಗದಲ್ಲಿ ಒಬ್ಬರಿಂದ ಒಂಬತ್ತೂವರೆ ಸಾವಿರಕ್ಕೆ ಕೊಂಡಿದ್ದೆ. ಇಪ್ಪತ್ತೈದೂವರೆ ಇಂಚಿನ ಸ್ಕೇಲ್ (ನುಡಿಯುವ ತಂತಿಯ ಉದ್ದ), ರೋಸ್‌ವುಡ್ ಹಲಗೆ, ಹಳೆಯ ಫೆಂಡರ್‌ಗಳಿಗಿದ್ದಂಥ ಏಳೂಕಾಲು ಇಂಚಿನ ರೇಡಿಯಸ್, ಎಂದರೆ ಹಲಗೆಯ ಮೈಯ ದುಂಡು. ಮೊದಲಿನ ಮಾಲೀಕರು ವರ್ಷಗಟ್ಟಲೆ ಬರೀ ಕಾರ್ಡ್ (ಹಲವು ತಂತಿ ಒಟ್ಟಿಗೆ) ಬಾರಿಸಿದ್ದರು. ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿಯ ಅಚ್ಚು ಮೂಡಿತ್ತು, ಉಳಿದವು ಸವೆದು ಚಪ್ಪಟೆಯಾಗಿದ್ದವು. ರಿಸೆಪ್ಷನ್ ಕಾರ್ಯಕ್ರಮಗಳಿಗೆ ಇದೆಲ್ಲ ಅಡ್ಡಿಯಿಲ್ಲ, ಅಲ್ಲಿ ಗಿಟಾರ್ ಯಾರಿಗೂ ಕೇಳಿಸುವುದೇ ಇಲ್ಲ. ಆದರೆ ಒಂದು ಗಣೇಶೋತ್ಸವದಲ್ಲಿ ಭಾವಗೀತೆಯ ನಡುವೆ ಶಿವರಂಜನಿ ರಾಗದ ಒಂದು ತುಣುಕು ನುಡಿಸಬೇಕಾಗಿ ಬಂತು. ಸ್ವರ ಮೇಲೇರಲಿಲ್ಲ, ಅರ್ಧಕ್ಕೇ ತಂತಿ ಉಸಿರುಗಟ್ಟಿ ಸತ್ತಿತು. ಗಾಯಕಿ ತಿರುಗಿ ನೋಡಿದರು. ಆ ನೋಟ ಇನ್ನೂ ನೆನಪಿದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಆಕ್ಷನ್, ಎಂದರೆ ಫ್ರೆಟ್‌ನಿಂದ ತಂತಿಯ ಎತ್ತರ, ಇಳಿಸಿದೆ. ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್‌ನ ಸ್ಕ್ರೂ ತಿರುಗಿಸುತ್ತ ತಿರುಗಿಸುತ್ತ ಮೊದಲ ತಂತಿಯನ್ನು 1.2 ಮಿಲಿಮೀಟರಿಗೆ ತಂದೆ. ಒತ್ತಲು ಬೆಣ್ಣೆಯಂತಾಯಿತು. ಎಳೆದರೆ ಹದಿನಾಲ್ಕನೆಯ ಫ್ರೆಟ್‌ನಿಂದಾಚೆಗೆ ಸದ್ದೇ ಇಲ್ಲ. ಏಳೂಕಾಲು ಇಂಚಿನ ಹಲಗೆ ಎಂದರೆ ಬೋರಲು ಹಾಕಿದ ದೋಣಿ. ಅಂಚಿನ ತಂತಿಯನ್ನು ನಡುವಿಗೆ ತಳ್ಳಿದರೆ ದಿಬ್ಬ ಹತ್ತಿ ಮೇಲಿನ ಫ್ರೆಟ್‌ಗೆ ತಾಗಿಯೇ ತೀರುತ್ತದೆ. ಇದು ನನಗೆ ಗೊತ್ತಿರದ ಸಂಗತಿಯಲ್ಲ, ಆದರೂ ನೆಕ್ (ಗಿಟಾರಿನ ಕತ್ತು) ಒಳಗಿನ ಉಕ್ಕಿನ ಸರಳಾದ ಟ್ರಸ್ ರಾಡ್‌ನಿಂದ ಸರಿಮಾಡಬಹುದು ಎಂಬ ಆಸೆ. ಕಾಲು ಸುತ್ತು, ಮತ್ತೆ ಕಾಲು ಸುತ್ತು ಎಂದು ಬಿಗಿದೆ. ನೆಕ್ ಹಿಂದಕ್ಕೆ ಬಾಗಿ ಮೊದಲ ಐದು ಫ್ರೆಟ್‌ಗಳೂ ಜೇನುಗೂಡಿನಂತೆ ಗುಂಯ್ ಎನ್ನತೊಡಗಿದವು. ಹೆದರಿ ಬೆಂಗಳೂರಿನ ಒಂದು ಅಂಗಡಿಗೆ ಒಯ್ದೆ. ಸೆಟಪ್ ಎಂದು ಸಾವಿರದ ಎಂಟುನೂರು ತೆಗೆದುಕೊಂಡರು. ರಾಡ್ ಸಡಿಲಿಸಿ, ಹತ್ತರ (ಮೊದಲ ತಂತಿ 0.010 ಇಂಚು ದಪ್ಪ, ಅಂಕಿ ಇಳಿದಷ್ಟೂ ತೆಳು) ಹೊಸ ತಂತಿ ಸೆಟ್ ಹಾಕಿ, ಹಲಗೆಗೆ ಎಣ್ಣೆ ಸವರಿ ಕೊಟ್ಟರು. ಗಿಟಾರ್ ಹೊಳೆಯಿತು, ಆದರೆ ಮೊದಲು ಹೇಗಿತ್ತೋ ಹಾಗೇ ಗಟ್ಟಿ. "ಈ ಗಿಟಾರ್ ಇಷ್ಟೇ ಸಾರ್, ಬೇರೆ ನೋಡಿ" ಎಂದರು.

ಅಲ್ಲಿಂದ ಬಂದ ಸಿಟ್ಟಿಗೆ ಎಂಟರ ಸೆಟ್ ಹಾಕಿದೆ. ಎಳೆಯಲು ಹಗುರವೇನೋ ಆಯಿತು. ಆದರೆ ನನ್ನ ಬಲಗೈ ಒರಟು, ಮೀಟುವ ಪಿಕ್ ತಾಗಿದರೆ ಸಾಕು ಸ್ವರ ಮೇಲಕ್ಕೆ ಜಿಗಿಯುತ್ತಿತ್ತು. ಕಾರ್ಡ್ ಹಿಡಿದರೆ ಒಂದೊಂದು ತಂತಿ ಒಂದೊಂದು ಶ್ರುತಿ. ಎರಡು ಕಾರ್ಯಕ್ರಮಗಳಲ್ಲಿ ಮೂರು ತಂತಿ ತುಂಡಾದವು. ಬ್ರಿಡ್ಜ್ ಸ್ಪ್ರಿಂಗಿನ ಮೇಲೆ ತೇಲುತ್ತಿದ್ದುದರಿಂದ ಒಂದು ತುಂಡಾದರೆ ಉಳಿದ ಐದೂ ಶ್ರುತಿ ತಪ್ಪುತ್ತಿದ್ದವು. ವೇದಿಕೆಯ ಮೇಲೆ ಅದಕ್ಕಿಂತ ದೊಡ್ಡ ಮಾನಭಂಗವಿಲ್ಲ.

2020ರಲ್ಲಿ ಕಾರ್ಯಕ್ರಮಗಳೆಲ್ಲ ನಿಂತವು. ಆ ಬೇಸಗೆಯಲ್ಲಿ ನಮ್ಮ ದೊಡ್ಡಮ್ಮ ನಮ್ಮ ಮನೆಯಲ್ಲೇ ಉಳಿಯಬೇಕಾಯಿತು. ಅವರ ವೀಣೆಯೂ ಜೊತೆಗಿತ್ತು. ಒಂದು ಸಂಜೆ ನನ್ನ ಒದ್ದಾಟವನ್ನು ಸುಮ್ಮನೆ ನೋಡುತ್ತಿದ್ದವರು, "ನಿನ್ನ ಬೆರಳು ತಂತಿಯನ್ನು ಎಳೆಯುತ್ತಿಲ್ಲ ಕಣೋ, ಮರವನ್ನು ಉಜ್ಜುತ್ತಿದೆ" ಎಂದರು. ಅವರ ವೀಣೆಯ ಹತ್ತಿರ ಕುಳಿತು ನೋಡಿದೆ. ಮೇಣದ ಕಟ್ಟೆಯ ಮೇಲೆ ಕೂಡಿಸಿದ ಇಪ್ಪತ್ತನಾಲ್ಕು ಮೆಟ್ಟಿಲುಗಳು. ಕೆಳಗೆ ದಂಡಿಯ ಮರ ಎಲ್ಲೋ ಪಾತಾಳದಲ್ಲಿದೆ. ಬೆರಳಿಗೆ ತಾಗುವುದು ತಂತಿ ಮತ್ತು ಮೆಟ್ಟಿಲು ಮಾತ್ರ. ಕುದುರೆ, ಎಂದರೆ ವೀಣೆಯ ಬ್ರಿಡ್ಜ್, ಒಂದಿಷ್ಟೂ ಅಲುಗುವುದಿಲ್ಲ. ದೊಡ್ಡಮ್ಮ ಎಪ್ಪತ್ತರ ವಯಸ್ಸಿನಲ್ಲಿ ಒಂದೇ ಮೆಟ್ಟಿಲಿನಿಂದ ಮೂರು ನಾಲ್ಕು ಸ್ವರ ಎಳೆಯುತ್ತಿದ್ದರು. ನಾನು ಇಷ್ಟು ದಿನ ಮಾಡಿದ್ದೆಲ್ಲ ಇದಕ್ಕೆ ತದ್ವಿರುದ್ಧ. ತಂತಿಯನ್ನು ಮರಕ್ಕೆ ಅಂಟಿಸಿದ್ದೆ, ಕುದುರೆಯನ್ನು ತೇಲಲು ಬಿಟ್ಟಿದ್ದೆ.

ಊಹೆಯಿಂದ ಕೆಲಸ ಮಾಡಿ ಸಾಕಾಗಿತ್ತು, ಈ ಸಲ ಅಳೆದೆ. ಲಗೇಜ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಇನ್ನೂರ ಎಂಬತ್ತು ರೂಪಾಯಿಗೆ ತರಿಸಿದೆ. ಮೊದಲ ತಂತಿಗೆ ಹನ್ನೆರಡನೆಯ ಫ್ರೆಟ್‌ನ ನೇರಕ್ಕೆ ಕೊಕ್ಕೆ ಹಾಕಿ, ಅಡ್ಡಕ್ಕೆ ಹೊರಗೆ ಎಳೆಯುವುದು. ಟ್ಯೂನರ್‌ನಲ್ಲಿ ಇ ಹೋಗಿ ಎಫ್ ಶಾರ್ಪ್ ಬಂದಾಗ, ಎಂದರೆ ಒಂದು ಪೂರ್ಣ ಸ್ವರ ಏರಿದಾಗ, ತಕ್ಕಡಿ ಏನು ತೋರಿಸುತ್ತದೆ ಎಂದು ಬರೆದುಕೊಳ್ಳುವುದು. ಆ ನೋಟ್‌ಬುಕ್ ಮಗಳ ಶಾಲೆಯ ರಾಶಿಯಲ್ಲಿ ಎಲ್ಲೋ ಹೋಯಿತು, ನೆನಪಿನಿಂದ ಹೇಳುತ್ತೇನೆ. ಹತ್ತರ ಸೆಟ್, ತೇಲುವ ಬ್ರಿಡ್ಜ್: ಸುಮಾರು ಒಂದು ಕಿಲೋ ನಾನ್ನೂರೈವತ್ತು ಗ್ರಾಂ. ಸೆಟ್ ಅದೇ, ಬ್ರಿಡ್ಜ್ ಬಿಗಿದ ಮೇಲೆ: ಒಂದು ಕಿಲೋ ನೂರೈವತ್ತರ ಆಸುಪಾಸು. ಮುನ್ನೂರು ಗ್ರಾಂ ಒಂದೇ ಏಟಿಗೆ ಉದುರಿತು.

ಇದನ್ನೇ ಯಾರೂ ನಂಬಲಿಲ್ಲ. ಸ್ಪ್ರಿಂಗ್ ಇದ್ದರೆ ತಾನೇ ಮೆತ್ತಗಿರುವುದು ಎಂಬುದು ಎಲ್ಲರ ವಾದ. ಬೆರಳಿಗೆ ಮೆತ್ತಗೆ ಎನಿಸುತ್ತದೆ, ನಿಜ. ಆದರೆ ನೀವು ಒಂದು ತಂತಿಯನ್ನು ತಳ್ಳಿದಂತೆಲ್ಲ ಬ್ರಿಡ್ಜ್ ನೆಕ್ ಕಡೆಗೆ ವಾಲಿ ನಿಮ್ಮ ಶ್ರಮದಲ್ಲಿ ಒಂದು ಪಾಲನ್ನು ನುಂಗುತ್ತದೆ. ಬೇಕಾದ ಸ್ವರ ತಲುಪಲು ಇನ್ನಷ್ಟು ದೂರ ತಳ್ಳಬೇಕು. ದೂರ ಹೋದಷ್ಟೂ ತಂತಿಯ ಕೋನ ಹೆಚ್ಚಿ ಅದು ಬೆರಳನ್ನು ಹಿಂದಕ್ಕೆ ನೂಕುವ ಬಲವೂ ಹೆಚ್ಚುತ್ತದೆ. ಇನ್ನೊಂದು ತಂತಿಯನ್ನು ಹಾಗೇ ಹಿಡಿದು ಒಂದನ್ನು ಎಳೆಯುವವರಿಗಂತೂ ಹಿಡಿದ ಸ್ವರ ಕೆಳಗಿಳಿದು ಹುಳಿಯಾಗುತ್ತದೆ.

ಬಿಗಿದದ್ದು ಹೀಗೆ. ಹಿಂಬದಿಯ ಮುಚ್ಚಳ ತೆಗೆದು ಮೂರು ಸ್ಪ್ರಿಂಗನ್ನು ಐದು ಮಾಡಿ, ಅವನ್ನು ಹಿಡಿದಿರುವ ಕ್ಲಾ ಎಂಬ ಕೊಂಡಿಯ ಎರಡು ಸ್ಕ್ರೂ ತಿರುಗಿಸಿ, ಬ್ರಿಡ್ಜ್ ತಟ್ಟೆ ಮೈಗೆ ಕೂರುವ ತನಕ ಎಳೆದುಕೊಂಡೆ. ಅಷ್ಟಕ್ಕೇ ನೆಚ್ಚದೆ ಬ್ರಿಡ್ಜ್ ಅಡಿಯ ಲೋಹದ ಬ್ಲಾಕ್‌ನ ಹಿಂದೆ, ಬಾಲದ ಕಡೆಯ ಸಂದಿಯಲ್ಲಿ ಸಾಗುವಾನಿಯ ಒಂದು ತುಂಡನ್ನೂ ಬಡಿದೆ. ಮೊದಲ ತುಂಡು ಕಿರಿದಾಯಿತು, ಎರಡನೆಯದು ಹಿಗ್ಗಿತು, ಮೂರನೆಯದನ್ನು ಪಕ್ಕದ ಬೀದಿಯ ಬಡಗಿ ಹತ್ತೇ ನಿಮಿಷದಲ್ಲಿ ಕೆತ್ತಿಕೊಟ್ಟು ಹಣ ಬೇಡವೆಂದರು. ಬ್ರಿಡ್ಜ್ ಕೆಳಗೆ ಕುಳಿತದ್ದರಿಂದ ಸ್ಯಾಡಲ್‌ಗಳನ್ನು ಮೇಲೆತ್ತಿ ಇಂಟೋನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿಯಿರುವುದು) ಹೊಸದಾಗಿ ಹೊಂದಿಸಬೇಕಾಯಿತು. ಬ್ರಿಡ್ಜ್ ಅಲುಗಿಸಿ ಸ್ವರ ತೂಗಿಸುವ ಟ್ರೆಮೊಲೊ ಬಾರ್ ಈಗ ಮಗಳ ಬಣ್ಣ ಕಲಸುವ ಕಡ್ಡಿ. ಈಗ ಒಂದು ತಂತಿ ತುಂಡಾದರೂ ಉಳಿದವು ಶ್ರುತಿಯಲ್ಲೇ ಇರುತ್ತವೆ. ಇದು ಕೇಳದೇ ಸಿಕ್ಕ ವರ.

ಮುಂದಿನದು ಫ್ರೆಟ್. ದೊಡ್ಡಮ್ಮನ ಮಾತು ಸರಿಯಾಗಿ ನಾಟಿದ್ದು ಇಲ್ಲಿಯೇ. ಹಳೆಯ ಫ್ರೆಟ್‌ಗಳು ಸವೆದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಮೇಲೆ ಉಳಿದಿದ್ದವು. ಬೆರಳ ತುದಿ ಪೂರ್ತಿ ಹಲಗೆಗೆ ಒರಗುತ್ತಿತ್ತು. ಬೆವರಿದ ಚರ್ಮಕ್ಕೂ ಒಣಗಿದ ರೋಸ್‌ವುಡ್‌ಗೂ ನಡುವಿನ ತಿಕ್ಕಾಟವನ್ನು ನಾನು ತಂತಿಯ ಬಿಗಿ ಎಂದುಕೊಂಡಿದ್ದೆ. 1.4 ಮಿಲಿಮೀಟರ್ ಎತ್ತರದ ಜಂಬೋ ಫ್ರೆಟ್ ವಯರ್ ತರಿಸಿದೆ, ಹನ್ನೊಂದು ನೂರೋ ಹನ್ನೆರಡು ನೂರೋ ಆಯಿತು. ಕೂಲಿಗೆ ಆರೇಳು ಸಾವಿರ ಕೇಳಿದ್ದರಿಂದ ನಾನೇ ಮಾಡುವೆನೆಂದು ಹೊರಟೆ.

ಮೊದಲು ಗುಜರಿಯ ಮಾಲಾದ ಒಂದು ಹಳೆಯ ನೆಕ್ ಸಾವಿರದ ನಾನ್ನೂರಕ್ಕೆ ಕೊಂಡು ಕೈ ಪಳಗಿಸಿದೆ. ಪಳಗಿಸಿದೆ ಎನ್ನುವುದಕ್ಕಿಂತ ಅದನ್ನು ಕೊಂದೆ. ಫ್ರೆಟ್ ಬಿಸಿಮಾಡದೆ ಇಕ್ಕಳದಿಂದ ಎಳೆದೆ, ಹಲಗೆಯ ಚಕ್ಕೆಗಳು ಹಪ್ಪಳದಂತೆ ಎದ್ದವು. ನಂತರ ಬುದ್ಧಿ ಬಂತು. ಸೋಲ್ಡರಿಂಗ್ ಕಡ್ಡಿಯಿಂದ ಫ್ರೆಟ್ಟನ್ನು ಚೆನ್ನಾಗಿ ಕಾಯಿಸಿ, ಮೂತಿಯನ್ನು ಸಪಾಟಾಗಿ ಸಾಣೆ ಹಿಡಿಸಿದ ಇಕ್ಕಳದಿಂದ ಮೆಲ್ಲಗೆ ಮೆಲ್ಲಗೆ ಎತ್ತಿದರೆ ಹಲ್ಲು ಬಿದ್ದಂತೆ ತಾನಾಗಿ ಬರುತ್ತದೆ. ನನ್ನ ಗಿಟಾರಿನಲ್ಲಿ ಎರಡೇ ಕಡೆ ಚಕ್ಕೆ ಎದ್ದವು, ಅಂಟು ಹಾಕಿ ಕೂರಿಸಿದೆ. ಈಗ ತೋರಿಸಿದರೂ ಯಾರಿಗೂ ಕಾಣುವುದಿಲ್ಲ.

ಹೊಸ ಫ್ರೆಟ್‌ಗಳನ್ನು ಕೂರಿಸಿದ ಮೇಲೆ ಅವನ್ನು ಮಟ್ಟ ಮಾಡುವ ಅಲ್ಯೂಮಿನಿಯಂ ಬೀಮ್‌ಗೆ ಮೂರು ಸಾವಿರ ಎನ್ನುತ್ತಿದ್ದರು. ನಾನು ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಕೊಯ್ಯುವ ಅಂಗಡಿಯಲ್ಲಿ ಒಂದೂವರೆ ಅಡಿಯ ಪಟ್ಟಿ ಹೆಕ್ಕಿಕೊಂಡು ಬಂದೆ. ಯಂತ್ರದಲ್ಲಿ ಪಾಲಿಷ್ ಆದ ಮುಖ ಗೆರೆ ಹೊಡೆದಂತೆ ನೇರವಾಗಿರುತ್ತದೆ. ಆದರೂ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದು ಪರೀಕ್ಷಿಸಿ. ನನ್ನ ಮೊದಲ ತುಂಡು ನಡುವೆ ಕೂದಲೆಳೆಯಷ್ಟು ತಗ್ಗಿತ್ತು. ಫ್ರೆಟ್ ನೆತ್ತಿಗೆಲ್ಲ ಮಾರ್ಕರ್ ಬಳಿದು, ಪಟ್ಟಿಗೆ 400ರ ಪಾಲಿಷ್ ಪೇಪರ್ ಅಂಟಿಸಿ ಉಜ್ಜಿದೆ. ಹದಿಮೂರನೆಯ ಫ್ರೆಟ್‌ನಿಂದಾಚೆಗೆ ಅಂಚಿನ ತಂತಿಗಳ ದಾರಿಯಲ್ಲಿ ಮಾತ್ರ ಒಂದು ಬಗೆಯಲ್ಲಿ ಹೆಚ್ಚು ಉಜ್ಜಿದ್ದೇನೆ. ಏಳೂಕಾಲು ಇಂಚಿನ ದೋಣಿಯಲ್ಲೂ ತಂತಿ ಉಸಿರುಗಟ್ಟದಿರುವುದು ಇದರಿಂದಲೇ. ಎಷ್ಟು, ಎಲ್ಲಿಂದ ಎಲ್ಲಿಗೆ ಎಂಬುದನ್ನು ಬರೆಯುವುದಿಲ್ಲ. ಅದಕ್ಕೆ ನಾಲ್ಕು ತಿಂಗಳು ಕೊಟ್ಟಿದ್ದೇನೆ.

ನೆತ್ತಿಯನ್ನು ದುಂಡು ಮಾಡಿದ ಮೇಲೆ 600, 1000, 2000 ಎಂದು ಏರಿಸುತ್ತ ಕೊನೆಗೆ ಹಿತ್ತಾಳೆ ಪಾತ್ರೆ ಬೆಳಗುವ ಪಾಲಿಷ್. ಈ ಹಂತವನ್ನು ಬಿಡಬೇಡಿ. ಹಿಂದಿನ ಪೇಪರ್ ಬಿಟ್ಟ ಗೀರುಗಳು ಅಡ್ಡಕ್ಕೆ ಎಳೆಯುವಾಗ ಅರದಂತೆ ತಂತಿಯನ್ನು ಹಿಡಿಯುತ್ತವೆ. ಕನ್ನಡಿಯಾದ ಫ್ರೆಟ್ ಮೇಲೆ ತಂತಿ ಮಂಜುಗಡ್ಡೆಯ ಮೇಲಿನಂತೆ ಜಾರುತ್ತದೆ. ಅವಸರಕ್ಕೆ ಒಮ್ಮೆ ಸ್ಟೀಲ್ ವುಲ್ (ಉಕ್ಕಿನ ಎಳೆಗಳ ಉಂಡೆ) ಬಳಸಿ, ತಂತಿಯ ಸದ್ದು ಹಿಡಿಯುವ ಪಿಕಪ್ ಮುಚ್ಚುವುದನ್ನು ಮರೆತೆ. ಕಬ್ಬಿಣದ ಪುಡಿಯೆಲ್ಲ ಆಯಸ್ಕಾಂತಕ್ಕೆ ಗಡ್ಡದಂತೆ ಅಂಟಿತು, ಟೇಪಿನಿಂದ ಒತ್ತಿ ಒತ್ತಿ ತೆಗೆಯಲು ಒಂದು ಭಾನುವಾರ ಪೂರ್ತಿ ಹೋಯಿತು.

ಈಗ ಆಕ್ಷನ್ ಏಕೆ ಎತ್ತರಿಸಿದೆ ಎಂದರೆ, ತಂತಿ ತೀರಾ ಕೆಳಗಿದ್ದರೆ ಎಳೆಯುವ ಬೆರಳು ಪಕ್ಕದ ತಂತಿಯ ಕೆಳಗೆ ಹೋಗದೆ ಅದರ ಮೇಲೆ ಹತ್ತುತ್ತದೆ, ಇಲ್ಲವೇ ಎಳೆಯುತ್ತಿರುವ ತಂತಿಯೇ ಉಗುರಿನ ಕಡೆಗೆ ಜಾರುತ್ತದೆ. ಜಾರದಿರಲಿ ಎಂದು ಇನ್ನಷ್ಟು ಒತ್ತುತ್ತೀರಿ, ಕೈ ಸೋಲುವುದು ಆ ಒತ್ತಡಕ್ಕೆ. 1.6ರಿಂದ ಶುರುಮಾಡಿ ಒಂದೊಂದು ವಾರ ಒಂದೊಂದು ಎತ್ತರದಲ್ಲಿ ನುಡಿಸುತ್ತ ಬಂದು 2ರ ಹತ್ತಿರ ನಿಂತೆ. ದಪ್ಪ ತಂತಿಯ ಕಡೆ 2.2 ಇರಬಹುದು. ನೆಕ್‌ನ ಬಾಗು ಏಳನೆಯ ಫ್ರೆಟ್ ಬಳಿ 0.2 ಮಿಲಿಮೀಟರ್. ಸಂದು ಅಳೆಯುವ ಫೀಲರ್ ಗೇಜನ್ನು ಬೈಕ್ ಮೆಕ್ಯಾನಿಕ್ ಒಬ್ಬರಿಂದ ತಂದಿದ್ದೆ, ಇನ್ನೂ ವಾಪಸ್ ಕೊಟ್ಟಿಲ್ಲ.

ನಟ್ (ತಲೆಯ ಕಡೆ ತಂತಿಗಳು ಕೂರುವ ಪಟ್ಟಿ) ಕಡೆ ಮಾತ್ರ ಇಳಿಸಲೇಬೇಕು. ಮೂರನೆಯ ಫ್ರೆಟ್ ಒತ್ತಿ ಹಿಡಿದರೆ ಮೊದಲ ಫ್ರೆಟ್‌ಗೂ ತಂತಿಗೂ ನಡುವೆ ತೆಳು ಕಾಗದದಷ್ಟು ಸಂದು ಸಾಕು. ನನ್ನದರಲ್ಲಿ ವಿಸಿಟಿಂಗ್ ಕಾರ್ಡ್ ಸಲೀಸಾಗಿ ಹೋಗುತ್ತಿತ್ತು. ಅರ ಹಾಕುವಾಗ ಮೂರನೆಯ ತಂತಿಯ ಕಚ್ಚನ್ನು ಒಂದು ಗೀಟು ಹೆಚ್ಚು ಕೊರೆದೆ, ತೆರೆದ ತಂತಿ ಜಿರ್ ಎಂದಿತು. ಅಡುಗೆ ಸೋಡಾ ತುಂಬಿ ಮೇಲೆ ಫೆವಿಕ್ವಿಕ್ ಒಂದು ಹನಿ ಬಿಟ್ಟರೆ ಕಲ್ಲಾಗುತ್ತದೆ, ಮತ್ತೆ ಕೊರೆಯಬಹುದು. ಹಾಗೆ ಮೂರು ಸಲ ಕೊರೆದಿದ್ದೇನೆ. ಕಚ್ಚಿನಲ್ಲಿ ತಂತಿ ಜಾರಲು ಎಲ್ಲರೂ ಪೆನ್ಸಿಲ್ ಪುಡಿ ಹಾಕುತ್ತಾರೆ. ನಾನು ಅದಕ್ಕೆ ದೊಡ್ಡಮ್ಮನ ವೀಣೆಯ ಮೇಣದ ಚೂರನ್ನೂ ಇನ್ನೊಂದು ವಸ್ತುವನ್ನೂ ಸೇರಿಸುತ್ತೇನೆ. ಆ ಇನ್ನೊಂದು ವಸ್ತು ಎಲ್ಲರ ಅಡುಗೆಮನೆಯಲ್ಲೂ ಇದೆ, ಹುಡುಕಿಕೊಳ್ಳಿ.

ತಂತಿಯ ದಪ್ಪದ ವಿಷಯಕ್ಕೆ ಬಂದರೆ, ಹುಡುಗರಲ್ಲಿ ಒಂದು ಪೈಲ್ವಾನಿಕೆ ಇದೆ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ಹದಿಮೂರರ ತಂತಿ ಹಾಕುತ್ತಿದ್ದರು ಎಂದು ಇವರೂ ಹಾಕುತ್ತಾರೆ. ಅವರು ಅರ್ಧ ಸ್ವರ ಇಳಿಸಿ ಶ್ರುತಿ ಮಾಡುತ್ತಿದ್ದರು ಎಂಬುದನ್ನು ಮರೆಯುತ್ತಾರೆ. ಜೀಜೀ ಟಾಪ್ ರಾಕ್ ತಂಡದ ಬಿಲ್ಲಿ ಗಿಬನ್ಸ್ ಏಳರ ಸೆಟ್‌ನಲ್ಲಿ ಲೋಕವನ್ನೇ ಅಲ್ಲಾಡಿಸಿದರು. ಅಮೆರಿಕದ ತಂತಿ ತಯಾರಕ ಅರ್ನಿ ಬಾಲ್ ಹಗುರ ತಂತಿಯ ಸ್ಲಿಂಕಿ ಸೆಟ್ ಮಾರಲು ಶುರುಮಾಡಿದ್ದೇ 1962ರಲ್ಲಿ. ಅದಕ್ಕೂ ಮೊದಲು ಎಳೆದು ನುಡಿಸುವವರು ಬ್ಯಾಂಜೊ ತಂತಿ ತಂದು ಹಾಕಿಕೊಳ್ಳುತ್ತಿದ್ದರು. ಹತ್ತರ ಸೆಟ್ ಆರೂ ತಂತಿ ಸೇರಿ ನೆಕ್ ಮೇಲೆ ಸುಮಾರು 47 ಕಿಲೋ ಎಳೆಯುತ್ತದೆ, ಒಂಬತ್ತರದು 38-39 ಕಿಲೋ. ಒಂಬತ್ತಕ್ಕೆ ಇಳಿದೆ. ತಕ್ಕಡಿಯಲ್ಲಿ ಒಂಬೈನೂರೈವತ್ತು ಗ್ರಾಂ ಬಂತು. ಬ್ರಿಡ್ಜ್ ಬಿಗಿದ ಮೇಲೆ ಒಂಬತ್ತರ ತಂತಿಯಲ್ಲೂ ಎಂಟರದರಂಥ ತೂಗಾಟವಿಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಅರ್ಧ ಸ್ವರ ಇಳಿಸಿ, ಮೊದಲ ಫ್ರೆಟ್‌ಗೆ ಕೇಪೊ (ಎಲ್ಲ ತಂತಿಗಳನ್ನೂ ಅಡ್ಡಕ್ಕೆ ಒತ್ತಿಹಿಡಿಯುವ ಕ್ಲಿಪ್) ಹಾಕಿದೆ. ಶ್ರುತಿ ಮಾಮೂಲಿಯದೇ, ಬಿಗಿ ಮಾತ್ರ ನೂರಕ್ಕೆ ಹನ್ನೊಂದರಷ್ಟು ಕಡಿಮೆ. ಲೆಕ್ಕ ಹಾಕಿದರೆ ಇಪ್ಪತ್ತೈದೂವರೆ ಇಂಚಿನ ಗಿಟಾರ್ ಇಪ್ಪತ್ತನಾಲ್ಕು ಇಂಚಿನದಾದಂತೆ. ನಟ್ ಸರಿಯಿಲ್ಲದವರಿಗೆ ಆ ತೊಂದರೆಯೂ ಕೇಪೊ ಕೆಳಗೆ ಮುಚ್ಚಿಹೋಗುತ್ತದೆ. ಎಳೆತ ಎಂಟುನೂರು ಗ್ರಾಂಗೆ ಬಂತು. ಆದರೆ ಜೋರಾಗಿ ಎಳೆದರೆ ಕೇಪೊ ರಬ್ಬರ್ ಅಡಿಯಲ್ಲಿ ತಂತಿ ಸಿಕ್ಕಿಕೊಂಡು ಶ್ರುತಿ ಜಾರುತ್ತಿತ್ತು. ಹಲಗೆಯ ಮೇಲೆ ಫ್ರೆಟ್ ಗುರುತಿಸುವ ಚುಕ್ಕಿಗಳೆಲ್ಲ ಒಂದು ಮನೆ ಸರಿದುದರಿಂದ ವೇದಿಕೆಯ ಮೇಲೆ ಒಂದು ಹಾಡನ್ನು ಪೂರ್ತಿ ತಪ್ಪು ಶ್ರುತಿಯಲ್ಲಿ ಶುರುಮಾಡಿದ್ದೂ ಆಯಿತು. ಮನೆಯ ಅಭ್ಯಾಸಕ್ಕೆ ಈಗಲೂ ಬಳಸುತ್ತೇನೆ.

ಆ ಸತ್ತ ನೆಕ್ ಅನ್ನೂ ವ್ಯರ್ಥ ಮಾಡಲಿಲ್ಲ. ಪಿವಿಸಿ ಪೈಪಿಗೆ ಪಾಲಿಷ್ ಪೇಪರ್ ಸುತ್ತಿ, ಹನ್ನೆರಡರಿಂದ ಮೇಲೆ ಫ್ರೆಟ್‌ಗಳ ನಡುವಿನ ಮರವನ್ನು ದೋಣಿಯಂತೆ ತೋಡಿದೆ. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಭಾರತೀಯ ಕಲಾವಿದರ ಜೊತೆಗಿನ ಶಕ್ತಿ ತಂಡದಲ್ಲಿ ನುಡಿಸುತ್ತಿದ್ದ ಗಿಟಾರ್ ಹಾಗೆ ತೋಡಿದ ಹಲಗೆಯದು. ಗಮಕಕ್ಕೆ ಅದರಷ್ಟು ಸುಖ ಇನ್ನೊಂದಿಲ್ಲ, ಸಾಕ್ಷಾತ್ ವೀಣೆ. ಆದರೆ ಕಾರ್ಡ್ ಹಿಡಿಯುವಾಗ ಸ್ವಲ್ಪ ಜೋರಾಗಿ ಒತ್ತಿದರೂ ಸ್ವರ ಏರುತ್ತದೆ. ವೀಣೆಯಲ್ಲಿ ಕಾರ್ಡ್ ಇಲ್ಲ, ನಮ್ಮ ಆರ್ಕೆಸ್ಟ್ರಾದಲ್ಲಿ ಇದೆ. ಎತ್ತರದ ಫ್ರೆಟ್ ಎಂದರೆ ಅರ್ಧ ದಾರಿಯ ರಾಜಿ, ನನಗೆ ಅದೇ ಸಾಕು.

ಖರ್ಚು ಕೇಳುತ್ತೀರಿ. ಅಂಗಡಿಗೆ ಸುರಿದದ್ದು ಸಾವಿರದ ಎಂಟುನೂರು, ಪ್ರಯೋಗಕ್ಕೆ ಹಾಳಾದ ಹನ್ನೆರಡು ಸೆಟ್ ತಂತಿ ಹತ್ತಿರ ಹತ್ತಿರ ಆರೂವರೆ ಸಾವಿರ, ಸತ್ತ ನೆಕ್, ಫ್ರೆಟ್ ವಯರ್, ಅರ, ಪಾಲಿಷ್, ತಕ್ಕಡಿ. ಒಟ್ಟು ಹದಿಮೂರು ಸಾವಿರ ದಾಟಿದೆ, ಗಿಟಾರಿನ ಬೆಲೆಗಿಂತ ಹೆಚ್ಚು. ನನ್ನ ಹೆಂಡತಿ ಇದನ್ನು ಎರಡೇ ಸಲ ಲೆಕ್ಕ ಹಾಕಿ ತೋರಿಸಿದ್ದಾಳೆ. ದಾರಿ ಗೊತ್ತಿದ್ದರೆ ಸ್ಪ್ರಿಂಗ್, ಫ್ರೆಟ್ ವಯರ್, ಒಂಬತ್ತರ ಒಂದು ಸೆಟ್, ಪಾಲಿಷ್ ಪೇಪರ್ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯುತ್ತಿತ್ತು.

ಕಾರ್ಯಕ್ರಮಗಳು ಮತ್ತೆ ಶುರುವಾದಾಗ ಗಿಟಾರನ್ನು ಬೇಸ್ ವಾದಕನ ಕೈಗೆ ಕೊಟ್ಟೆ. ಕಣ್ಣಿಗೆ ಎತ್ತರ ಕಂಡು ಮೂಗು ಮುರಿದ. ಎರಡನೆಯ ತಂತಿ ಎಳೆದ. ಬೇಕಾದ ಸ್ವರ ದಾಟಿ ಮೇಲೆ ಹೋಗಿಬಿಟ್ಟ, ಅಷ್ಟು ಬಲ ಹಾಕಿದ್ದ. ಮತ್ತೊಮ್ಮೆ ಎಳೆದ. ಏನೂ ಹೇಳಲಿಲ್ಲ. ಹಿಂದೆ ತಿರುಗಿಸಿ ಮುಚ್ಚಳ ನೋಡಿದ, ನಾನು ಮುಚ್ಚಳಕ್ಕೆ ಟೇಪ್ ಅಂಟಿಸಿದ್ದೆ.

ಪೂರ್ತಿ ಗೆದ್ದೆ ಎನ್ನುವಂತಿಲ್ಲ. ಮಲೆನಾಡಿನ ಮಳೆ ಹಿಡಿದರೆ ನೆಕ್ ಹಿಗ್ಗಿ ಬಾಗು ಹೆಚ್ಚುತ್ತದೆ, ಪ್ರತಿ ಜುಲೈನಲ್ಲಿ ರಾಡನ್ನು ಎಂಟನೆಯ ಒಂದು ಸುತ್ತು ಬಿಗಿದು ನವರಾತ್ರಿಯ ಹೊತ್ತಿಗೆ ಸಡಿಲಿಸುತ್ತೇನೆ. ಮೂರನೆಯ ತಂತಿ ದೊಡ್ಡ ಎಳೆತದ ನಂತರ ಇನ್ನೂ ಕೂದಲೆಳೆ ಕೆಳಗೇ ನಿಲ್ಲುತ್ತದೆ. ಮೊದಲ ತಂತಿಯಲ್ಲಿ ಎರಡು ಪೂರ್ಣ ಸ್ವರ ಎಳೆಯುವ ಧೈರ್ಯ ಮಾಡಬೇಡಿ, ಯಾವ ದಪ್ಪದ್ದಾದರೂ ತುಂಡಾಗುವ ಅಂಚಿಗೆ ಹೋಗುತ್ತದೆ. ನನ್ನ ಹುಬ್ಬಿನ ಮೇಲೆ ಗುರುತಿದೆ.

ಹೋದ ತಿಂಗಳು ಬೇಸ್ ವಾದಕನ ತಮ್ಮ ತನ್ನ ಗಿಟಾರ್ ತಂದಿಟ್ಟು ಹೋಗಿದ್ದಾನೆ. ಎರಡೂ ಕಡೆ ಬೀಗ ಹಾಕುವ ಫ್ಲಾಯ್ಡ್ ರೋಸ್ ಬ್ರಿಡ್ಜ್, ಗಾಳಿಯಲ್ಲಿ ತೇಲುತ್ತಿದೆ. ಬಾರ್ ಇಲ್ಲದೆ ಅವನಿಗೆ ಆಗುವುದಿಲ್ಲವಂತೆ. ಬ್ರಿಡ್ಜ್ ಮುಟ್ಟದೆ ಹಗುರ ಮಾಡಿಕೊಡಿ ಅಣ್ಣ ಎಂದಿದ್ದಾನೆ. ಮೂಲೆಯಲ್ಲಿ ಒರಗಿಸಿಟ್ಟಿದ್ದೇನೆ, ಇನ್ನೂ ಚೀಲದ ಜಿಪ್ ತೆಗೆದಿಲ್ಲ.